ಬೇಸಿಗೆಯ ಇಳಿನೀರಿನಲ್ಲಿ ಸಾಲ್ಮನ್: ಲೀಡರ್ ಎಷ್ಟು ಉದ್ದ ಇರಬೇಕು?

ನದಿ ಇಳಿದಿದೆ. ಮಡುವಿನ ತಳದ ಕಲ್ಲುಗಳನ್ನು ದಡದಿಂದಲೇ ಒಂದೊಂದಾಗಿ ಎಣಿಸಬಹುದು. ಆ ಕಲ್ಲುಗಳ ನಡುವೆ ನಾಲ್ಕೈದು ಬೂದು ನೆರಳುಗಳು ಬಾಲ ಆಡಿಸುತ್ತ ನಿಂತಿವೆ. ಮೊದಲ ಬೀಸಿನಲ್ಲಿ ಲೈನ್ ನೀರಿಗೆ ಬೀಳುತ್ತಿದ್ದಂತೆ ಎರಡು ನೆರಳು ಪಕ್ಕಕ್ಕೆ ಸರಿಯುತ್ತವೆ, ಎರಡನೆಯ ಬೀಸಿಗೆ ಉಳಿದವೂ ಆಳಕ್ಕೆ ಇಳಿಯುತ್ತವೆ. ಗಾಳ ಹಾಕುವವನು ದಡಕ್ಕೆ ಬಂದು ಪೆಟ್ಟಿಗೆ ತೆರೆದು ಇನ್ನೂ ಚಿಕ್ಕ ಫ್ಲೈ (ಗರಿ, ನೂಲು ಸುತ್ತಿ ಕಟ್ಟಿದ ಕೊಕ್ಕೆ) ಹುಡುಕಲು ಕೂರುತ್ತಾನೆ. ಆ ಮೀನುಗಳು ಅವನ ಫ್ಲೈಯನ್ನು ಕಂಡೇ ಇರಲಿಲ್ಲ. ಅವು ಕಂಡದ್ದು ಲೈನನ್ನು.

ಬೀಸಲು ಭಾರ ಕೊಡುವ ದಪ್ಪ ದಾರ ಫ್ಲೈ ಲೈನ್; ಅದರ ತುದಿಗೂ ಫ್ಲೈಗೂ ನಡುವೆ ಕಟ್ಟುವ ಪಾರದರ್ಶಕ ದಾರವೇ ಲೀಡರ್. ಬೇಸಿಗೆಯಲ್ಲಿ ನೀರು ಇಳಿದಾಗ ಲೀಡರ್ ಉದ್ದ ಮಾಡಿ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಅದು ಅರ್ಧ ಮಾತ್ರ ನಿಜ. ಹದಿನೆಂಟು ಅಡಿ ಲೀಡರ್ ಕಟ್ಟಿ, ಅದರ ಕೊನೆಯ ಐದು ಅಡಿ ಪ್ರತಿ ಬೀಸಿನಲ್ಲೂ ಹೊಸೆದ ಬತ್ತಿಯಂತೆ ಮುದ್ದೆಯಾಗಿ ಬೀಳುತ್ತಿದ್ದರೆ ನಿಮ್ಮ ಕೈಯಲ್ಲಿರುವುದು ಹದಿಮೂರು ಅಡಿ ಲೀಡರ್ ಮತ್ತು ಒಂದು ಸಿಕ್ಕು. ಎಷ್ಟು ಉದ್ದ ಬೇಕೆಂದು ಹೇಳುವುದು ನೀರು, ಎಷ್ಟು ಉದ್ದ ಸಾಧ್ಯವೆಂದು ಹೇಳುವುದು ನಿಮ್ಮ ಬೀಸು. ಎರಡನ್ನೂ ಕೇಳಿಸಿಕೊಂಡು ಸಂಖ್ಯೆ ಗೊತ್ತುಮಾಡುವ ವಿಧಾನವನ್ನು ಮುಂದೆ ವಿವರಿಸಿದ್ದೇನೆ. ನನ್ನ ಮನಸ್ಸಿನಲ್ಲಿ ಇರುವುದು ಅಟ್ಲಾಂಟಿಕ್ ಸಾಲ್ಮನ್. ಸ್ಕಾಟ್ಲೆಂಡ್, ನಾರ್ವೆ, ಐಸ್‌ಲೆಂಡ್ ಮತ್ತು ಪೂರ್ವ ಕೆನಡಾದ ನದಿಗಳಿಗೆ ಬೇಸಿಗೆಯಲ್ಲಿ ಕಡಲಿನಿಂದ ಏರಿ ಬರುವ ಮೀನು.

ಹೆಜ್ಜೆ 1: ಲೀಡರಿಗೆ ಮೊದಲು ಥರ್ಮಾಮೀಟರ್

ಚೀಲದಿಂದ ಮೊದಲು ಹೊರಬರಬೇಕಾದದ್ದು ಥರ್ಮಾಮೀಟರ್. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. ಸೆಣಸಿ ದಣಿದ ಮೀನು ಚೇತರಿಸಿಕೊಳ್ಳುವುದೂ ಅಷ್ಟೇ ಕಷ್ಟವಾಗುತ್ತದೆ. 18 ಡಿಗ್ರಿ ಸೆಲ್ಸಿಯಸ್ ದಾಟಿದರೆ ನಸುಕಿನ ಹೊತ್ತು ಬಿಟ್ಟು ಉಳಿದ ವೇಳೆಯಲ್ಲಿ ನಾನು ರಾಡ್ ಜೋಡಿಸುವುದಿಲ್ಲ. 20 ಮುಟ್ಟಿದರೆ ಆ ದಿನ ಗಾಳವೇ ಇಲ್ಲ. ಕೆನಡಾದ ಮಿರಾಮಿಚಿ ನದಿಯಲ್ಲಿ ನೀರು ಬಿಸಿಯೇರಿದಾಗ ಮೀನುಗಳು ಆಶ್ರಯ ಪಡೆಯುವ ತಂಪು ಮಡುಗಳನ್ನು ಅಧಿಕೃತವಾಗಿಯೇ ಮುಚ್ಚುತ್ತಾರೆ. ನೀವು ಹೋಗುವ ನದಿಗೂ ಅದರದೇ ನಿಯಮಗಳಿರುತ್ತವೆ, ಹೋಗುವ ಮೊದಲು ಓದಿಕೊಳ್ಳಿ. ಸ್ಕಾಟ್ಲೆಂಡಿನಲ್ಲಂತೂ ಭಾನುವಾರ ಸಾಲ್ಮನ್‌ಗೆ ಗಾಳ ಹಾಕುವುದೇ ಕಾನೂನುಬಾಹಿರ.

ಈ ಮಾತಿಗೂ ಲೀಡರಿಗೂ ನೇರ ಸಂಬಂಧವಿದೆ. ಬಿಸಿ ನೀರಿನಲ್ಲಿ ತೀರಾ ತೆಳುವಾದ ದಾರ ಕಟ್ಟಿದರೆ ಮೀನನ್ನು ಬೇಗ ಎಳೆದು ತರಲಾಗುವುದಿಲ್ಲ. ಹತ್ತು ನಿಮಿಷ ಹೆಚ್ಚು ಎಳೆದಾಡಿಸಿದ ಮೀನು ನಿಮ್ಮ ಕೈಯಿಂದ ಈಜಿ ಹೋದರೂ ಬದುಕಿತೆಂದು ಹೇಳಲಾಗದು. ದಪ್ಪದ ಲೆಕ್ಕ ಮಾಡುವಾಗ ಈ ಮಾತಿಗೆ ಮತ್ತೆ ಬರುತ್ತೇನೆ.

ಹೆಜ್ಜೆ 2: ಮೀನಿಗೆ ಏನು ಕಾಣುತ್ತದೆ ಎಂದು ತಿಳಿಯಿರಿ

ಸಾಲ್ಮನ್ ನದಿಗೆ ಬಂದ ಮೇಲೆ ಹೊಟ್ಟೆಗಾಗಿ ತಿನ್ನುವುದಿಲ್ಲ. ಫ್ಲೈಗೆ ಬಾಯಿ ಹಾಕುವುದು ಹಸಿವಿನಿಂದಲ್ಲ. ಕಡಲಿನಲ್ಲಿದ್ದಾಗಿನ ಅಭ್ಯಾಸವೋ, ಸಿಟ್ಟೋ, ಕುತೂಹಲವೋ, ಯಾವುದೋ ಕ್ಷಣದ ಪ್ರಚೋದನೆ. ಹಸಿದ ಮೀನು ಒಂದಿಷ್ಟು ಅನುಮಾನವನ್ನು ನುಂಗಿಕೊಂಡಾದರೂ ಬರಬಹುದು. ಹಸಿವಿಲ್ಲದ ಮೀನಿಗೆ ಆ ಒತ್ತಾಯವಿಲ್ಲ.

ನೀರಿನೊಳಗಿನಿಂದ ಮೇಲೆ ನೋಡುವ ಮೀನಿಗೆ ಆಕಾಶ ಒಂದು ವೃತ್ತಾಕಾರದ ಕಿಟಕಿಯಲ್ಲಿ ಮಾತ್ರ ಕಾಣುತ್ತದೆ. ಬೆಳಕು ಗಾಳಿಯಿಂದ ನೀರಿಗೆ ಇಳಿಯುವಾಗ ಬಾಗುವುದರಿಂದ ಹೀಗಾಗುತ್ತದೆ. ಆ ಕಿಟಕಿಯ ಅಡ್ಡಳತೆ ಮೀನು ನಿಂತಿರುವ ಆಳದ ಸುಮಾರು ಎರಡೂಕಾಲು ಪಟ್ಟು. ಒಂದು ಮೀಟರ್ ಆಳದಲ್ಲಿರುವ ಮೀನಿಗೆ ಎರಡೂಕಾಲು ಮೀಟರ್ ಅಗಲದ ಕಿಟಕಿ; ಅರ್ಧ ಮೀಟರ್ ಆಳದ ಮೀನಿಗೆ ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು. ಕಿಟಕಿಯ ಹೊರಗೆ ನೀರಿನ ಮೇಲ್ಮೈ ಅದರ ಪಾಲಿಗೆ ಕನ್ನಡಿ. ಅದರಲ್ಲಿ ನದಿಯ ತಳವೇ ತಲೆಕೆಳಗಾಗಿ ಕಾಣುತ್ತಿರುತ್ತದೆ.

ಈ ಲೆಕ್ಕ ನೋಡಿದರೆ ಒಂದು ಪ್ರಶ್ನೆ ಏಳಬೇಕು. ಕಿಟಕಿ ಇಷ್ಟು ಚಿಕ್ಕದಾದರೆ, ನೀರು ಇಳಿದಾಗ ಅದು ಇನ್ನೂ ಕಿರಿದಾಗುವುದಾದರೆ, ಒಂಬತ್ತು ಅಡಿ ಲೀಡರೇ ಸಾಕಲ್ಲವೇ? ಫ್ಲೈ ಮೀನಿನ ಮುಂದೆ ಬರುವ ಹೊತ್ತಿಗೆ ಲೈನಿನ ತುದಿ ಹೇಗೂ ಕಿಟಕಿಯ ಹೊರಗೇ ಇರುತ್ತದೆ. ನಾನೂ ಮೊದಲು ಹಾಗೆಯೇ ವಾದಿಸಿದ್ದೆ. ಆ ವಾದ ಮೂರು ಸಂಗತಿಗಳನ್ನು ಮರೆತಿರುತ್ತದೆ.

ಒಂದು, ಕನ್ನಡಿಯ ಮೇಲಿನ ಗೀರು. ತೇಲುವ ಲೈನ್ ಮೇಲ್ಮೈಯನ್ನು ಒತ್ತಿ ತಗ್ಗು ಮಾಡುತ್ತದೆ. ನೀರು ಕದಡದೆ ನಿಂತಿದ್ದರೆ ಆ ತಗ್ಗು ಕನ್ನಡಿಯಲ್ಲಿ ಉದ್ದನೆಯ ಗೆರೆಯಾಗಿ, ಕಿಟಕಿಗಿಂತ ಬಹಳ ದೂರದಿಂದಲೇ ಕಾಣುತ್ತದೆ. ಎರಡು, ನೆರಳು. ಬಿಸಿಲಿನಲ್ಲಿ ಲೈನಿನ ನೆರಳು ತಳದ ಮೇಲೆ ಹಾವಿನಂತೆ ಹರಿದು ಹೋಗುತ್ತದೆ; ಅದನ್ನು ನೋಡಲು ಮೀನು ಮೇಲೆ ನೋಡಬೇಕಾಗಿಯೂ ಇಲ್ಲ. ಮೂರನೆಯದೇ ಮುಖ್ಯ: ಇಳಿನೀರಿನಲ್ಲಿ ಮೀನುಗಳು ಒಂಟಿಯಾಗಿರುವುದಿಲ್ಲ. ನಿಲ್ಲಲು ತಕ್ಕ ಜಾಗಗಳು ಕಡಿಮೆಯಾಗಿ ಒಂದೇ ಮಡುವಿನಲ್ಲಿ ಒತ್ತೊತ್ತಾಗಿ ನಿಲ್ಲುತ್ತವೆ. ನೀವು ಗುರಿಯಿಟ್ಟ ಮೀನಿಗೆ ಫ್ಲೈ ಕಾಣುವ ಹೊತ್ತಿಗೆ ನಿಮ್ಮ ಲೈನ್ ಈಚೆಗಿನ ಮೂರು ಮೀನುಗಳ ತಲೆಯ ಮೇಲೆ ಬಿದ್ದಿರುತ್ತದೆ. ಅವುಗಳಲ್ಲಿ ಒಂದು ಬೆದರಿ ಓಡಿದರೆ ಸಾಕು, ಸುದ್ದಿ ಮಡುವಿಗೆಲ್ಲ ಮುಟ್ಟುತ್ತದೆ.

ಉದ್ದ ಲೀಡರ್ ಮಾಡುವ ಕೆಲಸ ಇದು: ಗೀರು, ನೆರಳು, ಬೀಳುವ ಸದ್ದು ಮೂರನ್ನೂ ಮೀನುಗಳಿಂದ ಹಿಂದಕ್ಕೆ ಸರಿಸುವುದು. ಹಾಗಿದ್ದರೆ ಈ ಮೂರೂ ಇಲ್ಲದ ಕಡೆ ಉದ್ದ ಲೀಡರಿನ ಅಗತ್ಯವೂ ಇಲ್ಲ. ಮಡುವಿನ ತಲೆಯಲ್ಲಿ ನೀರು ಕಲ್ಲುಗಳ ಮೇಲೆ ನೊರೆಯಾಗಿ ಧುಮುಕುವಲ್ಲಿ ಕನ್ನಡಿ ಚೂರುಚೂರಾಗಿರುತ್ತದೆ, ಸದ್ದು ಮುಚ್ಚಿಹೋಗಿರುತ್ತದೆ. ಬಿಸಿಲಿನ ದಿನಗಳಲ್ಲಿ ಆಮ್ಲಜನಕ ಹೆಚ್ಚಿರುವುದೂ ಅಲ್ಲಿಯೇ, ಫ್ಲೈಗೆ ಬಾಯಿ ಹಾಕುವ ಮೀನು ಸಿಗುವುದೂ ಬಹಳ ಸಲ ಅಲ್ಲಿಯೇ. ನದಿ ಇಳಿದಿದೆ ಎಂಬ ಒಂದೇ ಕಾರಣಕ್ಕೆ ಆ ಸೆಳವಿಗೂ ಹದಿನೆಂಟು ಅಡಿ ಕಟ್ಟುವವರನ್ನು ಕಂಡರೆ ನನಗೆ ಮಳೆಯಿಲ್ಲದಿದ್ದರೂ ಕೊಡೆ ಬಿಚ್ಚಿಕೊಂಡು ನಡೆಯುವವರ ನೆನಪಾಗುತ್ತದೆ.

ಹೆಜ್ಜೆ 3: ಆರಂಭದ ಅಳತೆ

ರಾಡಿನ ಉದ್ದವೇ ಆರಂಭದ ಅಳತೆ. ಎರಡು ಕೈಯಲ್ಲಿ ಹಿಡಿಯುವ 13 ಅಡಿ ರಾಡಿಗೆ 13 ಅಡಿ, ಒಂದು ಕೈಯ 10 ಅಡಿ ರಾಡಿಗೆ 10 ಅಡಿ. ತೇಲುವ ಲೈನಿಗೆ ಮಾತ್ರ ಈ ಲೆಕ್ಕ. ಇಳಿನೀರಿನ ಬೇಸಿಗೆಯಲ್ಲಿ ಮುಳುಗುವ ಲೈನಿಗೆ ಕೆಲಸ ಕಡಿಮೆ. ತೇಲುವ ಲೈನಿನ ಈ ಪದ್ಧತಿ ಹಳೆಯದು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಸ್ಕಾಟ್ಲೆಂಡಿನ ಡೀ ನದಿಯ ಕೇರ್ನ್‌ಟನ್‌ನಲ್ಲಿ ಎ. ಎಚ್. ಇ. ವುಡ್ ಎಂಬಾತ ರೇಷ್ಮೆಯ ಲೈನಿಗೆ ಜಿಡ್ಡು ಸವರಿ ತೇಲಿಸಿ, ತೆಳ್ಳಗೆ ಕಟ್ಟಿದ ಸಣ್ಣ ಫ್ಲೈಗಳನ್ನು ಮೇಲ್ಮೈಯ ಕೆಳಗೇ ನಿಧಾನವಾಗಿ ಸಾಗಿಸಿ ಸಾಲ್ಮನ್ ಹಿಡಿಯುತ್ತಿದ್ದರು. ಈಗ ಜಿಡ್ಡು ಸವರಬೇಕಾಗಿಲ್ಲ, ಲೈನೇ ತೇಲುತ್ತದೆ. ಉಳಿದದ್ದು ಹೆಚ್ಚೇನೂ ಬದಲಾಗಿಲ್ಲ.

ಇನ್ನು ನೀರನ್ನು ನೋಡಿ ಕೂಡಿಸಿ, ಕಳೆಯಿರಿ.

ಮೇಲ್ಮೈ ಗಾಜಿನಂತಿದ್ದು, ಸೆಳವು ನಡೆಯುವ ವೇಗಕ್ಕಿಂತ ನಿಧಾನವಾಗಿದ್ದರೆ 3 ಅಡಿ ಸೇರಿಸಿ. ಅದರ ಜೊತೆ ನೆತ್ತಿಯ ಬಿಸಿಲೂ ಇದ್ದು, ನೀರು ಮೊಣಕಾಲು ಆಳಕ್ಕೆ ಇಳಿದಿದ್ದರೆ ಇನ್ನೂ 2 ಅಡಿ. ನೀರು ಚಹಾದ ಬಣ್ಣಕ್ಕಿದ್ದರೆ 2 ಅಡಿ ಕಳೆಯಿರಿ. ಪೀಟ್ ಮಣ್ಣಿನ ಬೆಟ್ಟಗಳಿಂದ ಇಳಿಯುವ ನದಿಗಳು ಎಷ್ಟು ಇಳಿದರೂ ತುಸು ಕಂದಾಗಿಯೇ ಇರುತ್ತವೆ. ಸೆಳವು ಮುರಿದು ಅಲೆಯಾಡುತ್ತಿದ್ದರೆ 2 ಅಥವಾ 3 ಅಡಿ ಕಳೆಯಿರಿ. ಸೂರ್ಯ ಮುಳುಗಿದ ಮೇಲೆ, ದಡದ ಮರಗಳ ಬಣ್ಣ ಮಾಸತೊಡಗಿದಾಗ, ಕೂಡಿಸಿದ್ದನ್ನೆಲ್ಲ ಕಳೆದು ರಾಡಿನ ಉದ್ದಕ್ಕೇ ಮರಳಬಹುದು.

ಗಾಳಿಯ ಮಾತು ಬೇರೆ. ಎದುರುಗಾಳಿಗೆ ಉದ್ದ ಲೀಡರ್ ನಿಲ್ಲುವುದಿಲ್ಲ, ಹತ್ತು ಹನ್ನೊಂದು ಅಡಿಗೆ ಇಳಿಸಲೇಬೇಕು. ಅದಕ್ಕಾಗಿ ಚಿಂತೆ ಬೇಡ: ನಿಮ್ಮ ಬೀಸನ್ನು ಕೆಡಿಸುವ ಗಾಳಿಯೇ ನೀರಿನ ಮೇಲೆ ತೆರೆ ಎಬ್ಬಿಸಿ ಕನ್ನಡಿಯನ್ನು ಒಡೆದಿರುತ್ತದೆ. ಕಿತ್ತುಕೊಂಡ ಕೈಯೇ ಕೊಟ್ಟಿರುತ್ತದೆ.

ಲೆಕ್ಕ ಹೀಗೆ ನಡೆದರೆ 13 ಅಡಿ ರಾಡಿನವರು 10ರಿಂದ 18 ಅಡಿಯ ನಡುವೆ, 10 ಅಡಿ ರಾಡಿನವರು 7ರಿಂದ 15 ಅಡಿಯ ನಡುವೆ ಎಲ್ಲೋ ಬಂದು ನಿಲ್ಲುತ್ತಾರೆ. ಇಪ್ಪತ್ತು ಅಡಿ ಕಟ್ಟುವವರೂ ಇದ್ದಾರೆ. ಅವರ ಬೀಸು ನೋಡಲು ಚೆಂದ, ನನ್ನದಲ್ಲ.

ಹೆಜ್ಜೆ 4: ಎರಡೂ ತುದಿಯಿಂದ ಬೆಳೆಸಿ

ಲೀಡರ್ ಉದ್ದ ಮಾಡುವಾಗ ಬಹುತೇಕರು ಮಾಡುವ ತಪ್ಪು ಒಂದೇ. ಅಂಗಡಿಯಿಂದ ತಂದ 9 ಅಡಿ ಲೀಡರಿನ ತೆಳು ತುದಿಗೆ ಆರು ಅಡಿ ತೆಳು ದಾರ ಸೇರಿಸಿ 15 ಅಡಿ ಆಯಿತೆನ್ನುತ್ತಾರೆ. ಉದ್ದವೇನೋ ಆಯಿತು, ಆದರೆ ಅದು ಬಿಚ್ಚಿಕೊಳ್ಳುವುದಿಲ್ಲ.

ಬೀಸಿನ ಶಕ್ತಿ ಲೈನಿನಿಂದ ಲೀಡರಿಗೆ ಹರಿದು ಬರುವುದು ಚಾಟಿಯ ಹಿಡಿಯಿಂದ ತುದಿಗೆ ಹರಿದಂತೆ. ದಪ್ಪ ಕ್ರಮವಾಗಿ ಇಳಿದರೆ ಶಕ್ತಿ ತುದಿಯವರೆಗೆ ತಲುಪುತ್ತದೆ. ದಪ್ಪದಿಂದ ತೆಳುವಿಗೆ ಒಮ್ಮೆಲೇ ಧುಮುಕಿದರೆ, ಅಥವಾ ತೆಳು ಭಾಗ ಅತಿ ಉದ್ದವಾದರೆ, ನಡುದಾರಿಯಲ್ಲೇ ಸತ್ತುಹೋಗುತ್ತದೆ. ಬೇಸಿಗೆಯ ಫ್ಲೈಗಳು 10, 12, 14ರ ಅಳತೆಯ ಪುಟ್ಟ ಜೋಡಿ ಕೊಕ್ಕೆಗಳು. ತಮ್ಮ ಭಾರದಿಂದ ಮುಂದೆ ಹಾರುವ ಶಕ್ತಿ ಅವಕ್ಕಿಲ್ಲ. ಎಲ್ಲವನ್ನೂ ಲೀಡರೇ ಹೊತ್ತು ತರಬೇಕು.

ಆದ್ದರಿಂದ ಬುಡದ ಕಡೆಯಿಂದಲೂ ಬೆಳೆಸಿ. ನಾನು ಮಾಡುವುದು ಹೀಗೆ. ಸಾಲ್ಮನ್‌ಗೆಂದೇ ಮಾಡಿದ, ಗಂಟಿಲ್ಲದೆ ಕ್ರಮವಾಗಿ ತೆಳುವಾಗುವ 12 ಅಡಿ ಲೀಡರ್ ಒಂದನ್ನು ತೆಗೆದುಕೊಳ್ಳುತ್ತೇನೆ. ಅದರ ದಪ್ಪ ತುದಿಗೆ 3 ಅಡಿ ಗಡುಸು ನೈಲಾನ್ ಸೇರಿಸುತ್ತೇನೆ. ಅದರ ದಪ್ಪ 0.55ರಿಂದ 0.60 ಮಿಲಿಮೀಟರ್, ಅಂದರೆ ಫ್ಲೈ ಲೈನಿನ ತುದಿಯ ದಪ್ಪದ ಸುಮಾರು ಮೂರನೇ ಎರಡು ಭಾಗ. ಈಗ 15 ಅಡಿಯಾಯಿತು. ಇನ್ನೂ ಬೇಕೆಂದರೆ ಮಾತ್ರ ತೆಳು ತುದಿಗೆ ಎರಡು ಅಥವಾ ಮೂರು ಅಡಿ ಟಿಪ್ಪೆಟ್, ಅಂದರೆ ಫ್ಲೈ ಕಟ್ಟುವ ಕೊನೆಯ ತುಂಡು. ಇಲ್ಲಿಗೆ 17 ಅಥವಾ 18 ಅಡಿ.

ಎಲ್ಲವನ್ನೂ ಕೈಯಾರೆ ಕಟ್ಟಿಕೊಳ್ಳಬೇಕೆನ್ನುವವರಿಗೆ ಹಳೆಯ ಅನುಪಾತವೊಂದಿದೆ: ಒಟ್ಟು ಉದ್ದದ ನೂರಕ್ಕೆ ಅರವತ್ತು ಭಾಗ ದಪ್ಪ ಬುಡ, ಇಪ್ಪತ್ತು ಭಾಗ ದಪ್ಪ ಇಳಿಯುವ ನಡುಭಾಗ, ಇಪ್ಪತ್ತು ಭಾಗ ಟಿಪ್ಪೆಟ್. ಇಳಿನೀರಿಗೆ ಬುಡವನ್ನು ಸ್ವಲ್ಪ ತಗ್ಗಿಸಿ ಟಿಪ್ಪೆಟ್ಟಿಗೆ ಕೊಡಿ. ಅಕ್ಕಪಕ್ಕದ ತುಂಡುಗಳ ದಪ್ಪದಲ್ಲಿ 0.05 ಮಿಲಿಮೀಟರಿಗಿಂತ ಹೆಚ್ಚು ಅಂತರ ಬೇಡ. ಅಂತರ ಹೆಚ್ಚಿದಷ್ಟೂ ಗಂಟು ಜಾರುತ್ತದೆ. ದಪ್ಪ ತುಂಡುಗಳನ್ನು ಬ್ಲಡ್ ನಾಟ್‌ನಿಂದಲೂ ತೆಳು ತುಂಡುಗಳನ್ನು ಮೂರು ಸುತ್ತಿನ ಸರ್ಜನ್ಸ್ ನಾಟ್‌ನಿಂದಲೂ ಕಟ್ಟುವುದು ನನ್ನ ರೂಢಿ. ಯಾವ ಗಂಟನ್ನೇ ಆಗಲಿ ಬಿಗಿಯುವ ಮೊದಲು ಎಂಜಲು ಹಚ್ಚಿ ಒದ್ದೆ ಮಾಡಿ. ಒಣ ಗಂಟು ಬಿಗಿಯುವಾಗ ಉಜ್ಜಿ ಕಾದು ಅಲ್ಲಿಯೇ ದುರ್ಬಲವಾಗುತ್ತದೆ.

ನದಿಯ ನಡುವೆ ನಿಂತು ಅಡಿಪಟ್ಟಿ ಹಿಡಿಯುವವರು ಯಾರು? ನಮ್ಮ ಹಳೆಯ ಮಾರು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಎರಡೂ ಕೈ ಚಾಚಿದರೆ ಬೆರಳ ತುದಿಯಿಂದ ಬೆರಳ ತುದಿಗೆ ಹೆಚ್ಚುಕಡಿಮೆ ನಿಮ್ಮ ಎತ್ತರದಷ್ಟೇ ಉದ್ದ. ಐದೂವರೆ ಅಡಿ ಎತ್ತರದವರಿಗೆ ಎರಡು ಮಾರೆಂದರೆ 11 ಅಡಿ, ಮೂರು ಮಾರೆಂದರೆ ಹದಿನಾರೂವರೆ. ಮನೆಯಲ್ಲಿ ಒಮ್ಮೆ ನಿಮ್ಮ ಮಾರನ್ನು ಅಳೆದು ನೆನಪಿಟ್ಟುಕೊಂಡರೆ ಸಾಕು.

ಹೆಜ್ಜೆ 5: ದಾರದ ದಪ್ಪ ಮತ್ತು ಜಾತಿ

ದಪ್ಪದ ವಿಷಯದಲ್ಲಿ ನಾನು ಹಟಮಾರಿ. ಟಿಪ್ಪೆಟ್ಟು ತುಂಡಾಗದೆ ತಡೆಯುವ ಎಳೆತ 8 ಪೌಂಡಿಗಿಂತ ಕಡಿಮೆ ಬೇಡ. ದೊಡ್ಡ ಮೀನು ಬರುವ ನದಿಯಲ್ಲಿ 10 ಅಥವಾ 12. ಒಂದೇ ಚಳಿಗಾಲ ಕಡಲಿನಲ್ಲಿ ಕಳೆದು ಮರಳುವ ಗ್ರಿಲ್ಸ್ ಎಂಬ ಚಿಕ್ಕ ಸಾಲ್ಮನ್‌ಗಳೇ ಬೇಸಿಗೆಯಲ್ಲಿ ಹೆಚ್ಚು, ಅವಕ್ಕೆ ತೆಳು ದಾರ ಸಾಕೆಂಬ ವಾದವುಂಟು. ಆದರೆ ಮಡುವಿನಲ್ಲಿ ಗ್ರಿಲ್ಸ್ ಪಕ್ಕದಲ್ಲೇ ಅದರ ನಾಲ್ಕು ಪಟ್ಟು ತೂಗುವ ಮೀನೂ ನಿಂತಿರಬಹುದು, ಯಾವುದು ಬಾಯಿ ಹಾಕುತ್ತದೆಂದು ಆರಿಸುವುದು ನಿಮ್ಮ ಕೈಯಲ್ಲಿಲ್ಲ. ಮೀನು ಬೆದರುತ್ತಿದ್ದರೆ ದಾರ ತೆಳುವಾಗಿಸುವ ಮೊದಲು ಉದ್ದ ಮಾಡಿ. ಉದ್ದದಿಂದ ಮೀನಿಗೆ ನಷ್ಟವಿಲ್ಲ, ತೆಳುವಿನಿಂದ ಇದೆ. ಅಟ್ಲಾಂಟಿಕ್ ಸಾಲ್ಮನ್ 2023ರಲ್ಲಿ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಪಾಯದ ಅಂಚಿಗೆ ಸರಿದಿರುವ ಮೀನು. ಹಿಡಿದದ್ದನ್ನು ಮರಳಿ ಬಿಡುವವರು ಅದನ್ನು ಬದುಕುವಂತೆ ಬಿಡಬೇಕು.

ನೈಲಾನೋ ಫ್ಲೂರೋಕಾರ್ಬನ್ನೋ ಎಂಬ ಜಗಳ ಮುಗಿಯುವಂಥದ್ದಲ್ಲ. ಫ್ಲೂರೋಕಾರ್ಬನ್ ನೈಲಾನಿಗಿಂತ ಬಹಳ ಸಾಂದ್ರ, ಹಾಗಾಗಿ ಮುಳುಗುತ್ತದೆ. ಬೆಳಕನ್ನು ಬಾಗಿಸುವುದರಲ್ಲಿ ನೀರಿಗೆ ಹೆಚ್ಚು ಹತ್ತಿರ, ಹಾಗಾಗಿ ನೀರಿನಲ್ಲಿ ಸ್ವಲ್ಪ ಕಡಿಮೆ ಕಾಣುತ್ತದೆ. ನೈಲಾನ್ ಮೆತ್ತಗಿದೆ, ಹಿಗ್ಗುತ್ತದೆ, ಗಂಟು ಸುಲಭವಾಗಿ ಕೂರುತ್ತದೆ. ಮೇಲ್ಮೈಯ ಕೆಳಗೆ ಸಾಗುವ ಫ್ಲೈಗೆ ಎರಡೂ ನಡೆಯುತ್ತವೆ. ಹಿಚ್ ಕಟ್ಟುವಾಗ ಮಾತ್ರ ಆಯ್ಕೆ ಖಚಿತ. ಫ್ಲೈಯ ಕತ್ತಿನ ಹಿಂದೆ ಅರೆಗಂಟು ಹಾಕಿ, ಅದು ನೀರಿನ ಮೇಲೆ ಗೀಚುತ್ತ ಸಾಗುವಂತೆ ಮಾಡುವ ವಿಧಾನ ಅದು. ನ್ಯೂಫೌಂಡ್‌ಲ್ಯಾಂಡಿನ ಪೋರ್ಟ್‌ಲ್ಯಾಂಡ್ ಕ್ರೀಕ್‌ನಿಂದ ಹೆಸರಾಗಿ ಈಗ ಐಸ್‌ಲೆಂಡಿನಲ್ಲಿ ಮನೆಮಾತಾಗಿದೆ. ಅದಕ್ಕೆ ನೈಲಾನೇ ಬೇಕು. ಮುಳುಗುವ ದಾರ ಫ್ಲೈಯನ್ನು ಕೆಳಗೆಳೆದು ಗೀರನ್ನೇ ಅಳಿಸುತ್ತದೆ. ಹಿಚ್‌ಗೆ ಉದ್ದಕ್ಕಿಂತ ನೆಟ್ಟಗಿರುವುದು ಮುಖ್ಯ. 12 ಅಡಿ ದಾಟುವುದು ಬೇಡ.

ಒಂದು ಚಿಕ್ಕ ಕೆಲಸವನ್ನು ಹೆಚ್ಚಿನವರು ಮಾಡುವುದಿಲ್ಲ. ಹೊಸ ದಾರದ ಮೇಲೆ ಜಿಡ್ಡು ಇರುತ್ತದೆ, ಅದು ತೇಲುತ್ತದೆ. ತೇಲುವ ದಾರ ತಾನು ಎಷ್ಟೇ ತೆಳುವಾಗಿರಲಿ, ಮೇಲ್ಮೈಯನ್ನು ತಗ್ಗಿಸಿ ತನಗಿಂತ ಅಗಲವಾದ ನೆರಳನ್ನು ತಳಕ್ಕೆ ಬೀಳಿಸುತ್ತದೆ. ಹಿಚ್ ಅಲ್ಲದಿದ್ದರೆ, ಕೊನೆಯ ಒಂದು ಮಾರಿಗೆ ಜೇಡಿಮಣ್ಣು ಮತ್ತು ಪಾತ್ರೆ ತೊಳೆಯುವ ಸೋಪು ಕಲಸಿದ ಉಂಡೆಯನ್ನು ಉಜ್ಜಿ. ದಾರದ ಹೊಳಪೂ ಹೋಗುತ್ತದೆ, ಮುಳುಗುವುದೂ ಕಲಿಯುತ್ತದೆ. ಇದಕ್ಕೆ ಖರ್ಚಿಲ್ಲ, ಒಮ್ಮೊಮ್ಮೆ ಎರಡು ಅಡಿ ಲೀಡರ್ ಸೇರಿಸಿದ್ದಕ್ಕಿಂತ ಹೆಚ್ಚು ಫಲ ಕೊಡುತ್ತದೆ.

ಹೆಜ್ಜೆ 6: ಮೀನಿಲ್ಲದ ನೀರಿನಲ್ಲಿ ಪರೀಕ್ಷೆ

ಕಟ್ಟಿದ ಲೀಡರನ್ನು ನೇರವಾಗಿ ಮೀನಿನ ಮೇಲೆ ಪ್ರಯೋಗಿಸಬೇಡಿ. ಮೊದಲು ಅದನ್ನು ಅಂಗೈಯಲ್ಲಿ ಬಿಗಿಹಿಡಿದು ನಿಧಾನವಾಗಿ ಎಳೆದು ಸುರುಳಿ ಬಿಡಿಸಿ. ಆಮೇಲೆ ಮೀನಿಲ್ಲವೆಂದು ಖಾತ್ರಿಯಿರುವ ತೆಳು ನೀರಿನಲ್ಲಿ, ನೀವು ನಿಜವಾಗಿ ಬೀಸಲಿರುವ ದೂರಕ್ಕೆ, ಐದು ಬೀಸು ಹಾಕಿ. ಫ್ಲೈ ಎಲ್ಲಿ ಬಿದ್ದಿತೆಂದು ನೋಡಿ, ಲೈನಿನ ತುದಿ ಎಲ್ಲಿದೆಯೆಂದು ನೋಡಿ. ಐದರಲ್ಲಿ ನಾಲ್ಕು ಸಲ ಲೀಡರ್ ನೆಟ್ಟಗೆ ಚಾಚಿ ಬಿದ್ದರೆ ಆ ಉದ್ದ ನಿಮ್ಮದು.

ಬೀಳದಿದ್ದರೆ ಎಲ್ಲಿ ಮುದುಡುತ್ತದೆ ಎಂಬುದೇ ಉತ್ತರ ಹೇಳುತ್ತದೆ. ಕೊನೆಯ ಎರಡು ಮೂರು ಅಡಿ ಮಾತ್ರ ಮುದುಡಿದರೆ ಟಿಪ್ಪೆಟ್ ಉದ್ದವಾಯಿತು, ಒಂದು ಅಡಿ ಕತ್ತರಿಸಿ. ಲೀಡರ್ ಲೈನಿಗೆ ಸೇರುವಲ್ಲಿಯೇ ಮಡಚಿಕೊಂಡರೆ ಬುಡ ತೆಳುವಾಯಿತು, ಟಿಪ್ಪೆಟ್ ಎಷ್ಟು ಕತ್ತರಿಸಿದರೂ ಸರಿಹೋಗದು. ಲೀಡರ್ ಬಿಚ್ಚಿಕೊಂಡು ಫ್ಲೈ ಹಿಂದಕ್ಕೆ ಚಿಮ್ಮಿದರೆ ನೀವು ಹೆಚ್ಚು ಬಲ ಹಾಕುತ್ತಿದ್ದೀರಿ. ರಾಡನ್ನು ತುಸು ಮೇಲೆ ನಿಲ್ಲಿಸಿ, ಲೈನ್ ನೀರಿನಿಂದ ಒಂದು ಮೀಟರ್ ಎತ್ತರದಲ್ಲಿ ಬಿಚ್ಚಿಕೊಂಡು ಆಮೇಲೆ ಇಳಿಯುವಂತೆ ಮಾಡಿ.

ಲೈನನ್ನು ಹಿಂದಕ್ಕೆ ಪೂರ್ತಿ ಚಾಚದೆ ಮುಂದಕ್ಕೆ ಹೊರಳಿಸುವ ಸ್ಪೇ ಬೀಸು ಹಾಕುವವರಿಗೆ ಇನ್ನೊಂದು ಮಿತಿಯಿದೆ. ಆ ಬೀಸಿನಲ್ಲಿ ಮುಂದಕ್ಕೆ ಹಾರುವ ಮುನ್ನ ಲೀಡರ್ ಕ್ಷಣಕಾಲ ನೀರನ್ನು ಮುಟ್ಟಿ ಲಂಗರು ಹಾಕುತ್ತದೆ. ಲೀಡರ್ ತುಂಬ ಚಿಕ್ಕದಾದರೆ ಲಂಗರು ಕಿತ್ತು ಬರುತ್ತದೆ, ತುಂಬ ಉದ್ದವಾದರೆ ನೀರಿಗೆ ಅಂಟಿಕೊಂಡು ಬೀಸಿನ ಬಲವನ್ನೆಲ್ಲ ನುಂಗುತ್ತದೆ. ರಾಡಿನ ಉದ್ದಕ್ಕಿಂತ ಕಾಲು ಭಾಗ ಹೆಚ್ಚಾದ ಮೇಲೆ ಅಂಟು ಅನುಭವಕ್ಕೆ ಬರತೊಡಗುತ್ತದೆ. ಅಲ್ಲಿಂದ ಮುಂದಕ್ಕೆ ಹೋಗುವವರು ಲಂಗರನ್ನು ಹಗುರವಾಗಿ ಇಡಲು ಕಲಿಯಬೇಕು, ಇಲ್ಲವೇ ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು.

ಹೆಜ್ಜೆ 7: ಒಂದು ಮಡು, ಮೂರು ಉದ್ದ

ಮೀನಿರುವ ನೀರಿಗೆ ಬಂದಾಗ ಮಡುವನ್ನು ಮೂರು ಭಾಗವಾಗಿ ನೋಡಿ. ತಲೆಯಲ್ಲಿ ಧುಮುಕುವ ಸೆಳವು, ನಡುವೆ ನಿಧಾನವಾಗುವ ಹೊಟ್ಟೆ, ಕೊನೆಗೆ ಗಾಜಿನಂತೆ ತೆಳುವಾಗಿ ಹರಿದು ಮುಂದಿನ ಸೆಳವಿಗೆ ಜಾರುವ ಬಾಲ. ಇಳಿನೀರಿನಲ್ಲಿ ಈ ಮೂರೂ ಮೂರು ಬೇರೆ ನದಿಗಳಿದ್ದಂತೆ.

13 ಅಡಿ ರಾಡಿನ ಲೆಕ್ಕದಲ್ಲಿ ಹೇಳುವುದಾದರೆ, ತಲೆಯಲ್ಲಿ 11 ಅಡಿ ಸಾಕು. ನೀರಿಗೆ ಇಳಿಯದೆ, ಕಲ್ಲುದಿಣ್ಣೆಯ ಮೇಲೆ ಹಿಂದೆ ನಿಂತು, ಕೇವಲ ಲೀಡರ್ ಮತ್ತು ಒಂದು ಮಾರು ಲೈನ್ ಹೊರಬಿಟ್ಟು ಮೊದಲ ಬೀಸು ಹಾಕಿ. ಮೊಣಕಾಲು ಆಳದ ಸೆಳವಿನಲ್ಲಿ, ದಡದ ಕಾಲಬುಡದಲ್ಲೇ ಮೀನು ನಿಂತಿರುತ್ತದೆ. ನೇರ ಹೊಟ್ಟೆಗೆ ಬೀಸುವವರು ಅದನ್ನು ತುಳಿದುಕೊಂಡೇ ಹೋಗುತ್ತಾರೆ.

ಹೊಟ್ಟೆಗೆ ಬರುವಾಗ 14 ಅಥವಾ 15ಕ್ಕೆ ಏರಿಸಿ. ಪ್ರತಿ ಸಲ ಗಂಟು ಬಿಚ್ಚಿ ಕಟ್ಟುವ ಕಷ್ಟ ತಪ್ಪಿಸಲು ಲೀಡರಿನ ತುದಿಗೆ ಎರಡು ಮಿಲಿಮೀಟರಿನ ಟಿಪ್ಪೆಟ್ ಉಂಗುರವೊಂದನ್ನು ಕಟ್ಟಿಕೊಂಡರೆ, ಬೇಕಾದ ಉದ್ದದ ತುಂಡನ್ನು ಅದಕ್ಕೆ ಸೇರಿಸಿದರಾಯಿತು. ನಿಧಾನ ನೀರಿನಲ್ಲಿ ಫ್ಲೈ ಸತ್ತಂತೆ ತೂಗಾಡುತ್ತದೆ. ಎಡಗೈಯಿಂದ ಲೈನನ್ನು ಮೆಲ್ಲಗೆ ಎಳೆದು ಅದಕ್ಕೆ ಜೀವ ಕೊಡಬೇಕು. ಲೈನಿನ ಬಾಗನ್ನು ಮೇಲ್ಹರಿವಿನ ಕಡೆಗೆ ಎತ್ತಿ ಹಾಕುವಾಗಲೂ ಉದ್ದ ಲೀಡರಿನ ಲಾಭ ಕಾಣುತ್ತದೆ: ಚಿಕ್ಕ ಲೀಡರಾದರೆ ಲೈನ್ ಎತ್ತಿದ ಕೂಡಲೇ ಫ್ಲೈಯೂ ಜಿಗಿಯುತ್ತದೆ, ಉದ್ದವಾದರೆ ಆ ಜಗ್ಗು ಫ್ಲೈಗೆ ಮುಟ್ಟುವ ಮೊದಲೇ ಸವೆದುಹೋಗುತ್ತದೆ.

ಬಾಲದಲ್ಲಿ ಹಗಲು ಹೊತ್ತು 17, 18 ಅಡಿ ಕಟ್ಟಿಕೊಂಡು ಕೂದಲು ಸೀಳುವಂಥ ಬೀಸು ಬೀಸಬಹುದು. ನಾನು ಹಾಗೆ ಮಾಡುವುದನ್ನು ಬಿಟ್ಟಿದ್ದೇನೆ. ಬಾಲವನ್ನು ಮುಟ್ಟದೆ ಸಂಜೆಗೆ ಉಳಿಸಿಕೊಳ್ಳುತ್ತೇನೆ. ಬೆಳಕು ಸೋರಿಹೋದ ಮೇಲೆ ಅದೇ ಬಾಲಕ್ಕೆ 12 ಅಡಿ ಲೀಡರ್, 10 ಪೌಂಡಿನ ಟಿಪ್ಪೆಟ್ ಸಾಕಾಗುತ್ತದೆ. ಹಗಲಿಡೀ ಆ ಹೆಚ್ಚುವರಿ ಐದಾರು ಅಡಿ ಲೀಡರಿನೊಂದಿಗೆ ಗುದ್ದಾಡುವುದಕ್ಕಿಂತ ನಾಲ್ಕು ಗಂಟೆ ಕಾಯುವುದು ಸುಲಭ.

ಮೀನಿನ ನಡವಳಿಕೆಯನ್ನು ಸರಿಯಾಗಿ ಓದಿದರೆ ಯಾವುದನ್ನು ಬದಲಿಸಬೇಕೆಂಬ ಗೊಂದಲ ಬಹಳಷ್ಟು ಕಡಿಮೆಯಾಗುತ್ತದೆ. ಲೈನ್ ಬಿದ್ದ ಕೂಡಲೇ ಮೀನು ಸರಿದರೆ ಅದು ಉದ್ದದ ಅಥವಾ ಬೀಸಿನ ತಪ್ಪು. ಎರಡು ಅಡಿ ಸೇರಿಸಿ, ಇಲ್ಲವೇ ಜಾಗ ಬದಲಿಸಿ ಲೈನ್ ಮೀನುಗಳ ಮೇಲೆ ಹಾಯದ ಕೋನದಿಂದ ಬೀಸಿ. ಫ್ಲೈ ಹತ್ತಿರ ಬಂದಾಗ ಮೀನು ಏರಿ ನೋಡಿ, ನೀರು ಕದಡಿ, ಮುಟ್ಟದೆ ಮರಳಿದರೆ ಲೀಡರಿನಲ್ಲಿ ತಪ್ಪಿಲ್ಲ. ಫ್ಲೈಯ ಅಳತೆಯನ್ನೋ ವೇಗವನ್ನೋ ಬದಲಿಸಿ. ಒಳ್ಳೆಯ ಲೀಡರನ್ನು ಬಿಚ್ಚಬೇಡಿ. ಮೀನು ಕದಲದೆ ನಿಂತೇ ಇದ್ದರೆ ಅದಕ್ಕೆ ಮನಸ್ಸಿಲ್ಲ. ಅದರ ಪಾಡಿಗೆ ಅದನ್ನು ಬಿಟ್ಟು ಮುಂದೆ ನಡೆಯಿರಿ.

ಹೆಜ್ಜೆ 8: ಮೀನು ಸಿಕ್ಕಿದ ಮೇಲೆ

ಉದ್ದ ಲೀಡರಿನ ನಿಜವಾದ ಬೆಲೆ ತೆರಬೇಕಾಗುವುದು ಇಲ್ಲಿ. ಬಲೆಗೆ ಹಾಕುವ ಹೊತ್ತಿಗೆ ರಾಡಿನ ತುದಿಗೂ ಮೀನಿಗೂ ಇರುವ ದೂರ ರಾಡಿನ ಉದ್ದಕ್ಕಿಂತ ತುಸು ಹೆಚ್ಚು ಅಷ್ಟೇ. ಲೀಡರ್ ಅದಕ್ಕಿಂತ ಉದ್ದವಿದ್ದರೆ ಲೈನ್ ಮತ್ತು ಲೀಡರ್ ಸೇರುವ ಜಾಗ ರಾಡಿನ ಉಂಗುರಗಳ ಒಳಗೆ ಬಂದಿರುತ್ತದೆ. ಆಗ ಮೀನು ಕೊನೆಯ ಸಲ ತಿರುಗಿ ಓಡಿದರೆ ಆ ಗಂಟು ಉಂಗುರದಿಂದ ಸಲೀಸಾಗಿ ಹೊರಗೆ ಹೋಗಲೇಬೇಕು.

ನನ್ನದು ಒಮ್ಮೆ ಹೋಗಲಿಲ್ಲ. 10 ಅಡಿ ರಾಡ್, 16 ಅಡಿ ಲೀಡರ್, ಕುಣಿಕೆಗೆ ಕುಣಿಕೆ ಹಾಕಿದ ಜೋಡಣೆ. ಲೀಡರಿನ ಕಡೆಯ ಕುಣಿಕೆಗೆ ಕಟ್ಟಿದ್ದ ಗಂಟು ಕಡಲೆಕಾಳಿನಷ್ಟು ದಪ್ಪ. ಮೀನು ಬಲೆಯ ಅಂಚಿಗೆ ಬಂದು ಒಮ್ಮೆ ತಲೆ ಕೊಡವಿ ಓಡಿತು. ತುದಿಯ ಉಂಗುರದಲ್ಲಿ ಟಕ್ಕೆಂದು ಸದ್ದಾಯಿತು, ಅಷ್ಟೇ. ಬಾಯಲ್ಲಿ ಕೊಕ್ಕೆ ಹೊತ್ತ ಮೀನು ಹೋಯಿತೆಂಬುದೇ ಆ ದಿನದ ದೊಡ್ಡ ಬೇಸರ.

ಅಂದಿನಿಂದ ರಾಡಿನ ಉದ್ದ ಮೀರಿದ ಲೀಡರಿಗೆ ಕುಣಿಕೆ ಜೋಡಣೆ ಬಳಸುವುದಿಲ್ಲ. ದಪ್ಪ ನೈಲಾನನ್ನು ಸೂಜಿಯಿಂದ ಲೈನಿನ ತುದಿಯೊಳಗೆ ತೂರಿಸಿ, ಹೊರಗೆ ಸುತ್ತಿ ಬಿಗಿಯುವ ನೀಡಲ್ ನಾಟ್ ಹಾಕಿ, ಮೇಲೆ ಬಾಗುವ ಗುಣದ ಅಂಟನ್ನು ತೆಳುವಾಗಿ ಸವರುತ್ತೇನೆ. ಬೆರಳಾಡಿಸಿದರೆ ಗಂಟು ಸಿಗಬಾರದು. ಲೀಡರಿನೊಳಗಿನ ದಪ್ಪ ಗಂಟಿಗೂ ಇದೇ ಉಪಚಾರ. ಉದ್ದ ಹಿಡಿಯ ಬಲೆ ಇದ್ದರೆ ಇನ್ನೂ ಒಳ್ಳೆಯದು. ಮೀನನ್ನು ನೀರಿನಿಂದ ಎತ್ತದೆ, ತಲೆ ಮೇಲ್ಹರಿವಿಗಿರುವಂತೆ ಬಲೆಯಲ್ಲೇ ಹಿಡಿದು ಕೊಕ್ಕೆ ಬಿಡಿಸಿ. ಕೊಕ್ಕೆಯ ಮುಳ್ಳನ್ನು ಮೊದಲೇ ಇಕ್ಕಳದಿಂದ ಒತ್ತಿಟ್ಟಿದ್ದರೆ ಅದು ಕ್ಷಣದ ಕೆಲಸ. ಮೀನು ತಾನಾಗಿ ಬಾಲ ಬಡಿದು ಹೊರಡುವವರೆಗೆ ಹಾಗೆಯೇ ಹಿಡಿದಿರಿ.

ಅದು ಹೋದ ಮೇಲೆ ಟಿಪ್ಪೆಟ್ಟಿನ ಮೇಲೆ ಉಗುರಾಡಿಸಿ. ಕಲ್ಲಿಗೋ ಹಲ್ಲಿಗೋ ಉಜ್ಜಿ ದೊರಗಾಗಿರುತ್ತದೆ. ಆ ಒಂದಡಿಯನ್ನು ಕತ್ತರಿಸಿ ಹೊಸ ಗಂಟು ಹಾಕಿ. ಫ್ಲೈ ಬದಲಿಸುವಾಗಲೆಲ್ಲ ನಾಲ್ಕೈದು ಅಂಗುಲ ಹೋಗುತ್ತದೆ. ಐದು ಫ್ಲೈ ಬದಲಿಸಿ ಒಂದು ಮೀನು ಹಿಡಿಯುವ ಹೊತ್ತಿಗೆ, ಬೆಳಿಗ್ಗೆ ಕಟ್ಟಿದ 15 ಅಡಿ ಸದ್ದಿಲ್ಲದೆ 12 ಆಗಿರುತ್ತದೆ, ನೀವು ಮಾತ್ರ 15 ಎಂದೇ ನಂಬಿಕೊಂಡು ಬೀಸುತ್ತಿರುತ್ತೀರಿ. ಮುಂದಿನ ಮಡುವಿಗೆ ನಡೆಯುವ ಮೊದಲು ಕೈ ಚಾಚಿ ಇನ್ನೊಮ್ಮೆ ಮಾರು ಹಾಕಿ.